ಖಣಿಯ ನೀರಿನಲ್ಲಿ ಹನ್ನೆರಡು ಹೆಜ್ಜೆ

ವಾಡಿಯಲ್ಲಿ ರೈಲು ಕಾರಣವಿಲ್ಲದೆ ನಿಲ್ಲುವುದು ಹೊಸದಲ್ಲ. ಸೇಡಂನಿಂದ ಕಲಬುರಗಿಗೆ ತಿಂಗಳಿಗೆ ಎರಡು ಸಲವಾದರೂ ಹೋಗುವ ನಾನು ಆ ಹೊತ್ತಿಗೆಂದೇ ಚೀಲದಲ್ಲಿ ಒಂದು ಪುಸ್ತಕ ಇಟ್ಟುಕೊಂಡಿರುತ್ತೇನೆ. ಈ ಭಾದ್ರಪದದಲ್ಲಿ ಹಾಗೆ ನಿಂತಾಗ ಸ್ಟೇಷನ್ನಿನ ಆಚೆಯ ರಸ್ತೆಯಲ್ಲಿ ಗಣಪತಿ ಕಳಿಸುವ ಮೆರವಣಿಗೆ ಹೋಗುತ್ತಿತ್ತು. ಗೂಡ್ಸ್ ಬೋಗಿಗಳು ಅಡ್ಡ ಇದ್ದುದರಿಂದ ಕಾಣಿಸಲಿಲ್ಲ. ವಾಸನೆ ಮಾತ್ರ ಬಂತು. ಮಳೆಗೆ ನೆನೆದ ಗುಲಾಲು, ಜನರೇಟರಿನ ಡೀಸೆಲ್ ಹೊಗೆ. ಪುಸ್ತಕದ ಒಂದೇ ಸಾಲನ್ನು ನಾಲ್ಕು ಸಲ ಓದಿದೆ. ಎದುರು ಸೀಟಿನ ಹೆಣ್ಣುಮಗಳು, "ಆರಾಮಿಲ್ಲೇನ್ರಿ ಅಣ್ಣಾರ?" ಎಂದು ಕೇಳಿದಳು. ಆರಾಮಿದ್ದೇನೆ ಎಂದೆ.

ಶಹಾಬಾದಿನಲ್ಲಿ ನಾನಿದ್ದದ್ದು ಮೂರು ವರ್ಷಕ್ಕೂ ಹೆಚ್ಚು. ನೆನಪಿನಲ್ಲಿ ಉಳಿದದ್ದು ಒಂದೇ ವರ್ಷ, ಕರೋನಾದ ನಿರ್ಬಂಧಗಳೆಲ್ಲ ಹೋಗಿ ಹಬ್ಬಗಳನ್ನು ಮೊದಲಿನ ಹಾಗೆ ಮಾಡಬಹುದು ಎಂದಾದ ವರ್ಷ. ಉಳಿದಿದೆ ಎಂದು ಬರೆಯುವಾಗಲೂ ಅನುಮಾನ ಬಿಡುವುದಿಲ್ಲ. ನಾನು ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿ, ಅದೂ ತಡವಾಗಿ ಹೇಳಿದ ಮಾತನ್ನು ಅರ್ಧಕ್ಕಿಂತ ಹೆಚ್ಚು ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು, ತರಗತಿಯಲ್ಲಿ ಅದನ್ನೇ ಕಲಿಸಿದವನು. ಇಲ್ಲಿ ತಡವಾಗಿ ಬಾಯಿಬಿಟ್ಟ ಸಾಕ್ಷಿ ನಾನೇ.

ಆಗ ಚಿತ್ತಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಶಹಾಬಾದಿನಲ್ಲಿ ಬಾಡಿಗೆ ಮನೆ. ನಮ್ಮ ಓಣಿ ಮುಗಿಯುವಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಹಳೆಯ ಖಣಿಯೊಂದಿತ್ತು. ಕಲ್ಲು ತೆಗೆದು ಹಾಗೇ ಬಿಟ್ಟ ಇಂಥ ಹೊಂಡಗಳು ಆ ಊರಿನ ಸುತ್ತ ಎಷ್ಟೋ ಇವೆ. ಈ ಕಲ್ಲು ಭೂಮಿಯಲ್ಲಿ ರೊಟ್ಟಿ ಪೇರಿಸಿಟ್ಟ ಹಾಗೆ ಪದರು ಪದರಾಗಿ ಇರುತ್ತದೆ. ಹಾಗೆಯೇ ಏಳುತ್ತದೆ. ಆದ್ದರಿಂದ ಖಣಿಯ ಒಂದು ಬದಿ ತಾನಾಗಿಯೇ ಮೆಟ್ಟಿಲಿನಂತಾಗಿರುತ್ತದೆ, ನಡುವೆ ಅಲ್ಲಲ್ಲಿ ಅಂಗಳದಂಥ ಸಪಾಟು ಹಾಸು. ಬೇಸಿಗೆಯಲ್ಲಿ ಇದೆಲ್ಲ ಕಣ್ಣಿಗೆ ಕಾಣುತ್ತದೆ. ಮಳೆ ಬಿದ್ದು ತುಂಬಿದ ಮೇಲೆ ಹಸಿರು ನೀರು ಮಾತ್ರ.

ಆ ಖಣಿಯನ್ನು ಕಣ್ಣುಮುಚ್ಚಿ ಬಲ್ಲವರು ಸಾಯಬಣ್ಣ ಕಾಕಾ. ಅವರದು ಮೂಲದಲ್ಲಿ ಕಾಗಿಣಾ ದಂಡೆಯ ಮನೆತನ, ಅಜ್ಜ ಹೊಳೆ ದಾಟಿಸುತ್ತಿದ್ದನಂತೆ. ಕಾಕಾ ಹುಟ್ಟುವ ಹೊತ್ತಿಗೆ ಹೊಳೆಗೆ ಸೇತುವೆ ಬಂದಿತ್ತು, ಅವರ ಕೈಗೆ ಹಾರೆ ಬಂತು. ಖಣಿ ನಿಲ್ಲುವ ತನಕ ಅಲ್ಲಿಯೇ ಕಲ್ಲು ಎಬ್ಬಿಸಿದರು. ಅವರ ಸೊಸೆ ಮಹಾದೇವಿ ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಅವರ ಬಾಜೂ ಮನೆಯ ರೇವಣ ಎಲೆಕ್ಟ್ರಿಷಿಯನ್, ಮೂವತ್ತರ ಆಸುಪಾಸಿನವನು, ಓಣಿಯ ಗಣಪತಿ ಮಂಡಳಿಗೆ ಅವನೇ ಮುಂದಾಳು.

ನನ್ನನ್ನು ಮಂಡಳಿಯ ಕಾರ್ಯದರ್ಶಿ ಮಾಡಿದ್ದು ಭಕ್ತಿ ನೋಡಿ ಅಲ್ಲ, ಅಕ್ಷರ ನೋಡಿ.

"ಆಚಾರಿ ಸರ, ನೀವು ದೇವರನ್ನ ನಂಬ್ರಿ, ಬಿಡ್ರಿ, ಅದು ನಿಮಗ ಬಿಟ್ಟದ್ದು. ಠಾಣೆಕ್ಕ ಒಂದು ಅರ್ಜಿ ಬರಕೊಡ್ರಿ ಸಾಕು," ಎಂದ ರೇವಣ.

"ಅಪ್ಪ ಗುಡ್ಯಾಗ ಪೂಜಿ ಮಾಡ್ತಾನ, ಮಗ ನೋಡಿದ್ರ ಹಿಂಗ," ಎಂದು ಕಾಕಾ ನಕ್ಕರು. "ಪೆಂಡಾಲಿನ್ಯಾಗ ಹಿಂದ ಕುಂದ್ರಿ ಮಾಸ್ತರ್ರ. ನಿಮ್ಮ ಮಾರಿ ನೋಡಿ ಗಣಪ್ಪ ಎದ್ದು ಹೋಗ್ಯಾನು."

ಠಾಣೆಯಲ್ಲಿ ಶಾಂತಿ ಸಭೆ ಆಯಿತು. ಹೊತ್ತು ಮುಳುಗುವ ಮೊದಲು ವಿಸರ್ಜನೆ, ದೊಡ್ಡ ಸೌಂಡ್ ಇಲ್ಲ, ಕುಡಿದವರು ನೀರಿನ ಹತ್ತಿರ ಇಲ್ಲ. ಮರಳಿ ಬಂದು ನಾನು ನಿಯಮಗಳನ್ನೆಲ್ಲ ದೊಡ್ಡ ಹಾಳೆಯ ಮೇಲೆ ಬರೆದು ಪೆಂಡಾಲಿಗೆ ಅಂಟಿಸಿದೆ. ಎರಡು ವರ್ಷ ಹಬ್ಬ ಸರಿಯಾಗಿ ಆಗಿರಲಿಲ್ಲ. ಆ ಎರಡು ವರ್ಷಗಳಲ್ಲಿ ಓಣಿಯ ಮೂರು ಮನೆಗಳಲ್ಲಿ ಮಂದಿ ಕರೋನಾಕ್ಕೆ ತೀರಿಹೋಗಿದ್ದರು. ಹಾಗಾಗಿ ಈ ಸಲ ಯಾರಿಗೂ ಏನೂ ಆಗಬಾರದು ಎಂಬುದು ಎಲ್ಲರ ಮನಸ್ಸಿನಲ್ಲಿತ್ತು.

ರೇವಣ ಮನೆ ಮನೆಗೆ ಹೋಗಿ ದೀಪದ ಸರಗಳನ್ನು ನೋಡಿದ. ಟೇಪು ಸುತ್ತದ ಜೋಡಣೆ ಕಂಡರೆ ಕಿತ್ತು ಹಾಕುತ್ತಿದ್ದ. ಮಹಾದೇವಿ ಅವನ ಹಿಂದೆಯೇ ಹೋಗುತ್ತಿದ್ದಳು. "ಅತ್ತಿ, ದೀಪದ ಮ್ಯಾಲ ಜರಿ ಪರದೆ ಬಿಟ್ಟೀರಿ, ಗಣಪ್ಪನ ಜೋಡಿ ಮನಿನೂ ಕಳಸ್ತೀರೇನು?" ಎಂದು ಒಬ್ಬರಿಗೆ ಕೇಳಿದ್ದು ಓಣಿಯಲ್ಲೆಲ್ಲ ನಗೆಯಾಯಿತು. ಕಡುಬು ಕರಿಯುವ ದೊಡ್ಡ ಬಾಣಲೆಯನ್ನು ಮಂಡಳಿಯವರು ಪೆಂಡಾಲಿನ ಪರದೆಯಿಂದ ದೂರ, ಬಯಲಿಗೆ ಒಯ್ದರು. ಎರಡು ಬಕೆಟ್ ಮರಳು ಇಟ್ಟರು. ಹೀಗೆ ಬೆಂಕಿ, ಕರೆಂಟು, ಜಗಳ ಎಲ್ಲದರ ಬಗ್ಗೆಯೂ ನಾವು ಎಚ್ಚರವಾಗಿದ್ದೆವು.

ಮಳೆ ಜೋರಾಗಿ ಕಾಗಿಣಾ ತುಂಬಿ ಹರಿಯುತ್ತಿತ್ತು. ಹೊಳೆಗೆ ಯಾರೂ ಹೋಗಕೂಡದು ಎಂದು ಠಾಣೆಯಿಂದ ಖಡಕ್ ಆಗಿ ಹೇಳಿದ್ದರು. ವಿಸರ್ಜನೆ ನಮ್ಮ ಖಣಿಯಲ್ಲೇ ಎಂದಾಯಿತು. ಅದರ ಹಿಂದಿನ ದಿನ ಪೆಂಡಾಲಿನಲ್ಲಿ ಕೂತಾಗ ಕಾಕಾ ಬೆರಳು ಮಡಚಿ ಹೇಳಿದರು:

"ಮೂರು ಮೆಟ್ಟಿಲು ಇಳದ್ರ ಸಪಾಟ ಹಾಸು ಬರ್ತದ. ಅಲ್ಲಿ ಎದಿ ಮಟ್ಟ ನೀರು. ಸೀದಾ ಹನ್ನೆರಡು ಹೆಜ್ಜಿ ನಡೀರಿ, ಏನೂ ಆಗಂಗಿಲ್ಲ. ಹತ್ತನೇ ಹೆಜ್ಜಿಗಿ ಗಣಪ್ಪನ್ನ ಮುಂದಕ್ಕ ನೂಕಿ ಬಿಡ್ರಿ. ಹನ್ನೆರಡರ ಆಚಿಗಿ ಪಾತಾಳ."

ಮಹಾದೇವಿ ಬಾಗಿಲ ಹತ್ತಿರ ನಿಂತಿದ್ದಳು. ಮಾವನ ಎದುರು ಸೆರಗು ಸರಿಮಾಡಿಕೊಂಡೇ, "ಒಂದು ಬಿದಿರ ಹಾಕಿ ನೋಡಿಬಿಟ್ರ ಹೆಂಗ? ಎಷ್ಟು ಆಳ ಅದ ಗೊತ್ತಾಗ್ತದಲ್ಲ," ಎಂದಳು.

ಖಣಿಯ ಮಂದಿಯಲ್ಲಿ ಒಂದು ರೀತಿಯಿದೆ. ಕಲ್ಲು ಎಬ್ಬಿಸಿದವನು ಅಳತೆ ಹೇಳಿದ ಮೇಲೆ ಮತ್ತೊಬ್ಬರು ಕೋಲು ಹಿಡಿಯುವುದಿಲ್ಲ. ಕೋಲು ಹಿಡಿದರೆ ಅವನು ಅಲ್ಲಿ ದುಡಿದದ್ದೇ ಸುಳ್ಳು ಎಂದ ಹಾಗೆ. ರೇವಣ ನೆಲ ನೋಡಿದ. ಕಾಕಾ ಸೊಸೆಯ ಕಡೆ ತಿರುಗಲಿಲ್ಲ.

ಆಗ ನಾನು, "ಕಾಕಾಗ ಗೊತ್ತದ. ಬಿದಿರ ಯಾಕ?" ಎಂದೆ. ಎಂದೆನಂತೆ. ಇದು ನನಗೆ ನೆನಪಿಲ್ಲ, ಮಹಾದೇವಿ ಆಮೇಲೆ ಹೇಳಿದ್ದು. ಆದರೆ ಅದು ನಾನು ಆಡಬಹುದಾದ ಮಾತೇ. ದೇವರು, ಜಾತಕ, ಪತ್ರಿಕೆ, ಸರಕಾರ ಎಲ್ಲವನ್ನೂ ಅನುಮಾನಿಸುತ್ತಿದ್ದ ನನಗೆ ದುಡಿದವನ ತಿಳಿವಳಿಕೆ ಎಂದರೆ ಮಾತ್ರ ದೊಡ್ಡ ಗೌರವ. ಅದರ ಮೇಲೆ ಒಂದು ಪ್ರಬಂಧವನ್ನೂ ಮಂಡಿಸಿದ್ದೆ. ಹಾಳೆಯ ಮೇಲೆ "ಹನ್ನೆರಡು ಹೆಜ್ಜೆ, ಹತ್ತಕ್ಕೆ ಬಿಡುವುದು" ಎಂದು ಬರೆದುಕೊಂಡೆ.

ಮಹಾದೇವಿ ಒಂದು ಮಾತಿಗೆ ಮಾತ್ರ ಪಟ್ಟು ಹಿಡಿದಳು. ನೀರಿಗೆ ಇಳಿಯುವ ನಾಲ್ವರ ಸೊಂಟಕ್ಕೂ ಹಗ್ಗ ಕಟ್ಟಬೇಕು, ತುದಿ ದಂಡೆಯ ಮೇಲಿರಬೇಕು.

"ನಾವೇನು ಎತ್ತೇನು, ಹಗ್ಗ ಕಟ್ಟಾಕ?" ಎಂದ ರೇವಣ.

"ಎತ್ತಾಗಿದ್ರ ಚಲೋ ಇತ್ತು. ಹೇಳಿದ್ ಕೇಳ್ತಿತ್ತು," ಎಂದಳು. ಎಲ್ಲರೂ ನಕ್ಕರು, ಹಗ್ಗದ ಮಾತು ಗಟ್ಟಿಯಾಯಿತು.

ಮರುದಿನ ಮಧ್ಯಾಹ್ನ ನಾಲ್ಕಕ್ಕೆ ಖಣಿಯ ದಂಡೆಯಲ್ಲಿದ್ದೆವು. ಮಳೆ ನಿಂತಿತ್ತು, ಬಿಸಿಲು ಬಂದಿರಲಿಲ್ಲ. ಎರಡು ವರ್ಷದ ಬಾಕಿ ತೀರಿಸುವ ಹಾಗೆ ಮೂರ್ತಿಯನ್ನು ದೊಡ್ಡದೇ ತಂದಿದ್ದರು. ಕಟ್ಟಿಗೆಯ ಚೌಕಟ್ಟಿಗೆ ಎರಡು ಗಳ ತೂರಿಸಿ ನಾಲ್ವರು ಹೆಗಲು ಕೊಟ್ಟರು. ಮುಂದಿನ ಬಲಗಡೆ ರೇವಣ, ಉಳಿದವರಿಗಿಂತ ಅರ್ಧ ಹೆಜ್ಜೆ ಮುಂದೆ. ಕಾಕಾ ಮೆಟ್ಟಿಲಿನ ಮೇಲೆ ಮೊಣಕಾಲು ನೀರಿನಲ್ಲಿ ನಿಂತು ಗಟ್ಟಿಯಾಗಿ ಎಣಿಸತೊಡಗಿದರು. ನಾಲ್ವರೂ ಅವರ ದನಿಗೆ ಸರಿಯಾಗಿ ಕಾಲಿಡುತ್ತಿದ್ದರು. ನಾನು ದಂಡೆಯ ಮೇಲೆ ಹಾಳೆ ಹಿಡಿದು ನಿಂತಿದ್ದೆ.

"ಐದು... ಆರು... ಏಳು..."

ಏಳಕ್ಕೆ ರೇವಣ ಇರಲಿಲ್ಲ. ಕೂಗಲಿಲ್ಲ, ಕೈ ಎತ್ತಲಿಲ್ಲ. ಅವನಿದ್ದ ಜಾಗದಲ್ಲಿ ನೀರಿತ್ತು. ಮೂರ್ತಿ ಅವನು ಹೋದ ಕಡೆಗೇ ವಾಲಿತು. ಉಳಿದ ಮೂವರು ಗಳ ಬಿಟ್ಟು ಹಿಂದೆ ಬಿದ್ದರು. ಡೋಲು ಬಾರಿಸುವವನು ಏನೂ ತಿಳಿಯದೆ ಇನ್ನೂ ಬಾರಿಸುತ್ತಲೇ ಇದ್ದ. "ಹಗ್ಗ ಎಳೀರಿ! ಎಳೀರಿ!" ಎಂದು ಮಹಾದೇವಿ ಚೀರಿದಳು. ಎಂಟು ಹತ್ತು ಜನ ಎಳೆದರು, ಹಗ್ಗ ಬಿಗಿಯಿತು, ಬರಲಿಲ್ಲ. ಮೂರ್ತಿಯ ಚೌಕಟ್ಟು ಅವನ ಕಾಲನ್ನು ಕಲ್ಲಿನ ಗೋಡೆಗೆ ಒತ್ತಿ ಹಿಡಿದಿತ್ತು ಎಂದು ಗೊತ್ತಾದದ್ದು ಆಮೇಲೆ. ಕಾಕಾ ಧೋತರ ಉಟ್ಟ ಹಾಗೆಯೇ ಮುಳುಗಿದರು. ಎಷ್ಟು ಹೊತ್ತು ಎಂದು ನಾನು ಹೇಳಲಾರೆ. ಆಗ ಅದು ಮುಗಿಯುವುದೇ ಇಲ್ಲ ಅನಿಸಿತ್ತು, ಬೇರೆಯವರು ಅರ್ಧ ನಿಮಿಷ ಎನ್ನುತ್ತಾರೆ. ಒಮ್ಮೆಲೆ ಹಗ್ಗ ಸಡಿಲವಾಗಿ ಎಳೆಯುವವರೆಲ್ಲ ಬಿದ್ದರು. ಗುಲಾಲಿನಿಂದ ಕೆಂಪಾದ ನೀರಿನಲ್ಲಿ ಎರಡು ತಲೆ ಎದ್ದವು.

ಮಹಾದೇವಿ ಅವನನ್ನು ಮಗ್ಗುಲಾಗಿಸಿ, ಬಾಯಲ್ಲಿ ಬೆರಳು ಹಾಕಿ, ಆಮೇಲೆ ಅಂಗಾತ ಮಲಗಿಸಿ ಎದೆ ಒತ್ತಿದಳು. ಅವಳಿಗೆ ತರಬೇತಿಯಲ್ಲಿ ಕಲಿಸಿದ್ದರಂತೆ. ರೇವಣ ಕೆಮ್ಮಿ ಉಸಿರು ತೆಗೆದುಕೊಂಡ. ಬದುಕಿದ. ತೊಡೆಯ ಮೂಳೆ, ಸೊಂಟದ ಕೀಲು ಮುರಿದಿದ್ದವು. ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿ ಎರಡು ಸಲ ಆಪರೇಷನ್ ಆಯಿತು, ಒಂದು ಕಾಲು ಗಿಡ್ಡಾಯಿತು. ಕಂಬ ಹತ್ತುವ ಕೆಲಸ ಅಲ್ಲಿಗೆ ಮುಗಿಯಿತು.

ಓಣಿ ತೀರ್ಪು ಕೊಡಲು ಬಹಳ ದಿನ ತೆಗೆದುಕೊಳ್ಳಲಿಲ್ಲ. ಮುದುಕನಿಗೆ ಲೆಕ್ಕ ತಪ್ಪಿತು. ಅವರೇ ಮುಳುಗಿ ಎತ್ತಿದ್ದನ್ನು ಯಾರೂ ಅಲ್ಲಗಳೆಯಲಿಲ್ಲ, ಆದರೆ ಮುಳುಗಿಸಿದವರೂ ಅವರೇ ಎಂದರು. ರೇವಣನ ತಾಯಿ ನಳದ ಹತ್ತಿರ ಎಲ್ಲರ ಎದುರಿಗೇ, "ನಿನ್ನ ಮಾತ ನಂಬಿ ನನ್ನ ಮಗ ಕಾಲು ಕಳಕೊಂಡ. ನೆಪ್ಪಿಲ್ಲಂದ್ರ ಸುಮ್ನ ಕುಂದ್ರಬೇಕಿತ್ತಲ್ಲ ಸಾಯಬಣ್ಣ," ಎಂದಳು. ಕಾಕಾ ಕೊಡ ಅಲ್ಲೇ ಇಟ್ಟು ಮನೆಗೆ ಹೋದರು. ಅಂದಿನಿಂದ ಹೊರಗೆ ಬರುವುದು ಕಡಿಮೆಯಾಯಿತು. ಗೋಡೆಗೆ ಗೋಡೆ ತಾಗಿದ್ದ ಎರಡು ಮನೆಗಳ ನಡುವೆ ಚಹಾ, ಪಲ್ಯ, ಮಾತು ಎಲ್ಲ ನಿಂತಿತು.

ಅದಕ್ಕಿಂತ ಕೆಟ್ಟದ್ದು ಬೇರೆ ಇತ್ತು. ಕಾಕಾ ತಾವೂ ಅದನ್ನೇ ನಂಬತೊಡಗಿದರು. ನಾನು ಹೋದಾಗಲೆಲ್ಲ ಅದೇ ಪ್ರಶ್ನೆ.

"ಮಾಸ್ತರ್ರ, ಹನ್ನೆರಡು ಅಲ್ಲೇನ್ರಿ? ಬೇರೆ ಖಣಿದ್ದು ಇದಕ್ಕ ಹಚ್ಚಿ ಹೇಳಿದ್ನೇನು? ನನ್ನ ತಲಿ ಕೆಟ್ಟದೇನು?"

ಊಟದ ನಡುವೆ ಕೈ ನಿಲ್ಲಿಸಿ ಬೆರಳು ಮಡಚುತ್ತಿದ್ದರು. ಮೊಮ್ಮಕ್ಕಳ ಹೆಸರು ಕರೆಯುವ ಮೊದಲು ಸೊಸೆಯನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ತಮ್ಮ ತಲೆಯೊಳಗಿನ ಯಾವುದನ್ನೂ ಅವರು ನಂಬದ ಹಾಗಾಗಿತ್ತು.

ಇನ್ನು ನನ್ನ ಮಾತು. ಅಪಘಾತವಾದ ದಿನವೇ ಆಸ್ಪತ್ರೆಯ ವರಾಂಡದಲ್ಲಿ ಕೂತಾಗ ನನಗೊಂದು ನೆನಪು ಬಂತು. ಹಿಂದಿನ ವರ್ಷದ ಲಾಕ್‌ಡೌನಿನ ಬೇಸಿಗೆ, ಮಧ್ಯಾಹ್ನ. ಮಾಳಿಗೆಯ ಮೇಲೆ ಹಾಕಿದ ಬಟ್ಟೆ ತೆಗೆಯಲು ಹೋಗಿದ್ದೇನೆ. ಖಣಿಯ ಕಡೆಯಿಂದ ಪಂಪಿನ ಸದ್ದು. ಹೊಸದಾಗಿ ಕೊಯ್ದ, ಅಂಚು ಚೂಪಾದ ಬೂದು ಕಲ್ಲು ಹೇರಿಕೊಂಡು ಒಂದು ಟ್ರ್ಯಾಕ್ಟರ್ ಆ ದಾರಿಯಿಂದ ಮೇಲೆ ಬರುತ್ತಿದೆ. ಎಲ್ಲ ಬಂದ್ ಆಗಿರುವಾಗ ಇವರಿಗೆ ಹೇಗೆ ಬಿಟ್ಟರು ಎಂದುಕೊಂಡು ಒಳಗೆ ಬಂದಿದ್ದೇನೆ. ಕಾಕಾ ಆಗ ಊರಲ್ಲಿರಲಿಲ್ಲ. ತೆಂಗಳಿಯ ಮಗಳ ಮನೆಗೆ ಹೋದವರು ಬಸ್ಸು ನಿಂತು ಅಲ್ಲಿಯೇ ಉಳಿದು, ಬರುವ ಹೊತ್ತಿಗೆ ಖಣಿಗೆ ಮಳೆ ನೀರು ತುಂಬಿತ್ತು. ಅಪಘಾತದ ವರ್ಷದ ಬೇಸಿಗೆಯಲ್ಲಿ ಮಾತ್ರ ನೀರು ಹಾಸಿನ ಕೆಳಗೆ ಇಳಿದಿರಲಿಲ್ಲ.

ಅಂದರೆ ಯಾರೋ ಆ ಹಾಸಿನ ಅಂಚನ್ನೇ ಕೊಯ್ದು ಒಯ್ದಿದ್ದರೆ, ಹನ್ನೆರಡು ಹೆಜ್ಜೆಯ ಹಾಸು ಆರು ಹೆಜ್ಜೆಯದಾಗಿದ್ದರೆ, ಕಾಕಾನ ಲೆಕ್ಕ ಸರಿಯೇ ಇತ್ತು. ತಪ್ಪು, ನೋಡಿಯೂ ಹೇಳದವನದು.

ಆದರೆ ನಾನು ನಿಜಕ್ಕೂ ನೋಡಿದ್ದೆನೇ? ಆ ಸುತ್ತಿನಲ್ಲಿ ಕಲ್ಲಿನ ಟ್ರ್ಯಾಕ್ಟರ್ ನೋಡದ ದಿನವಿಲ್ಲ. ಬೇರೆ ದಿನದ ಟ್ರ್ಯಾಕ್ಟರನ್ನು ಮನಸ್ಸು ಈ ದಾರಿಗೆ ತಂದು ನಿಲ್ಲಿಸಿರಬಹುದು. ಆಘಾತವಾದ ಮೇಲೆ ಕಾರಣ ಹುಡುಕುವ ಮನಸ್ಸು ಇಲ್ಲದ್ದನ್ನೂ ಹೊಲಿದುಕೊಡುತ್ತದೆ ಎಂದು ನಾನು ಓದಿದ್ದೆ. ಪಂಪಿನ ಸದ್ದು ಒಂದು ದಿನ ಸ್ಪಷ್ಟವಾಗಿ ಕೇಳಿಸಿದರೆ ಮತ್ತೊಂದು ದಿನ ಅದು ಎದುರು ಮನೆಯ ಬೋರಿನದು ಅನಿಸುತ್ತಿತ್ತು. ಖಾತ್ರಿಯಿಲ್ಲದ್ದನ್ನು ಹೇಳಬಾರದು ಎಂದು ಸುಮ್ಮನಿದ್ದೆ. ಅದು ಪ್ರಾಮಾಣಿಕತೆ ಎಂದು ತಿಳಿದಿದ್ದೆ. ಅಷ್ಟು ತಿಂಗಳು ಆ ಪ್ರಾಮಾಣಿಕತೆಯ ನೆರಳಲ್ಲಿ ನಾನು ಆರಾಮಾಗಿಯೂ ಇದ್ದೆ ಎಂಬುದನ್ನು ಈಗ ಬರೆಯದೆ ಬಿಡಲಾರೆ.

ಮಾಘದ ಹೊತ್ತಿಗೆ ಮಹಾದೇವಿಯ ಎದುರು ಬಾಯಿ ತಪ್ಪಿ ಅರ್ಧ ಹೇಳಿದೆ. ಅವಳು ಕೈಯಲ್ಲಿದ್ದ ರಿಜಿಸ್ಟರು ಮುಚ್ಚಿದಳು.

"ನೋಡೀರೋ ಇಲ್ಲೋ ಸರ?"

"ಖಾತ್ರಿ ಇಲ್ಲ ಮಹಾದೇವಿ."

"ಬಿದಿರ ಯಾಕ ಅಂದಾಗ ಭಾಳ ಖಾತ್ರಿ ಇತ್ತಲ್ರಿ ನಿಮಗ." ನಾನು ಆ ಮಾತು ಆಡಿದ್ದೆ ಎಂದು ತಿಳಿದದ್ದು ಆಗ. "ನಮ್ಮ ಮಾವ ನಿನ್ನೆ ನನಗ ಏನ್ ಕೇಳಿದ ಗೊತ್ತದೇನು? ನಮ್ಮ ಅತ್ತಿ ಸತ್ತದ್ದು ಖರೆ ಏನು ಅಂತ ಕೇಳಿದ."

ಅವಳು ರಿಜಿಸ್ಟರನ್ನು ಕಂಕುಳಿಗೆ ಸೇರಿಸಿದಳು. "ನೀರು ಇಳೀಲಿ. ಕಲ್ಲೇ ಹೇಳ್ತದ," ಎಂದು ಹೋದಳು.

ಚೈತ್ರ ಕಳೆದು ಬಿಸಿಲು ಏರಿದಾಗ ಖಣಿಯ ನೀರು ಹಾಸಿನ ಕೆಳಗೆ ಇಳಿಯಿತು. ಒಂದು ಮುಂಜಾನೆ ಅವಳು ಮಾವನನ್ನು ಎಬ್ಬಿಸಿಕೊಂಡು ಹೊರಟಳು, ನನ್ನನ್ನೂ ಕರೆದಳು. ಮೂರು ಮೆಟ್ಟಿಲು ಇಳಿದೆವು. ಹಾಸಿನ ಮೇಲೆ ಒಣಗಿದ ಪಾಚಿ, ಮೂರ್ತಿಯ ಚೌಕಟ್ಟಿನ ಒಂದು ತುಂಡು. ಕಾಕಾ ನಡೆದರು. ಈ ಸಲ ಎಣಿಸಲಿಲ್ಲ. ಎಣಿಸಿದ್ದು ನಾನು, ಮನಸ್ಸಿನಲ್ಲಿ. ಆರು ಹೆಜ್ಜೆಗೆ ಹಾಸು ಮುಗಿದಿತ್ತು.

ಕಾಕಾ ಅಂಚಿನಲ್ಲಿ ಕೈಯೂರಿ ಕೂತು, ಬಗ್ಗಿ, ಕಲ್ಲಿನ ಮುಖದ ಮೇಲೆ ಅಂಗೈ ಆಡಿಸಿದರು. ಬಹಳ ಹೊತ್ತು ಆಡಿಸಿದರು. ಅವರ ಕಾಲದಲ್ಲಿ ಹಾರೆ, ಉಳಿ, ಸುತ್ತಿಗೆಯಿಂದ ಎಬ್ಬಿಸಿದ ಕಲ್ಲಿನ ಅಂಚು ಹಲ್ಲುಹಲ್ಲಾಗಿರುತ್ತದೆ. ಇದು ಬೆಣ್ಣೆ ಕೊಯ್ದಂತೆ ನುಣ್ಣಗಿತ್ತು, ಮೇಲಿಂದ ಕೆಳಗೆ ಮಿಶಿನ್ನಿನ ಗೆರೆಗಳು.

"ಇದು ನಮ್ಮ ಕೈದಲ್ಲ," ಎಂದರು. "ಕಟಿಂಗ್ ಮಿಶಿನ್ನಿಂದು. ನಮ್ಮ ಕಾಲದಾಗ ಈ ಖಣ್ಯಾಗ ಮಿಶಿನ್ನೇ ಬಂದಿಲ್ಲ." ಮತ್ತೆ ಮುಟ್ಟಿ ನೋಡಿದರು. "ಹನ್ನೆರಡೇ ಇತ್ತು. ಮಹಾದೇವಿ, ಹನ್ನೆರಡೇ ಇತ್ತು ನೋಡು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇಷ್ಟು ಕಲ್ಲು ಒಯ್ಯಾಗ ಯಾರೂ ನೋಡಿಲ್ಲೇನು? ನಾ ತೆಂಗಳ್ಯಾಗಿದ್ದಾಗೇ ಒಯ್ದಾರ. ಓಣ್ಯಾಗ ಎಲ್ಲಾರೂ ಮನ್ಯಾಗೇ ಇದ್ರಲ್ಲ ಆವಾಗ," ಎಂದರು ಕಾಕಾ, ಯಾರನ್ನೂ ನೋಡದೆ.

"ನಾ ನೋಡೀನಿ ಕಾಕಾ. ಟ್ರ್ಯಾಕ್ಟರ್. ನೋಡೀನಿ ಅಂತ ಅನಸ್ತದ."

"ಅನಸ್ತದೋ, ನೋಡೀರೋ?"

ಕಲ್ಲು ಕೊಯ್ದದ್ದು ನಿಜ ಎಂದು ಗೊತ್ತಾಯಿತೇ ಹೊರತು ನಾನು ನೋಡಿದ್ದು ನಿಜ ಎಂದು ಅದರಿಂದ ತಿಳಿಯುವುದಿಲ್ಲ. ಆ ಭೇದ ನನಗೆ ಅಲ್ಲಿ ನಿಂತಾಗಲೂ ಗೊತ್ತಿತ್ತು, ಇಂದಿಗೂ ಗೊತ್ತಿದೆ. ಆದರೆ ಮುದುಕ ಎಂಟು ತಿಂಗಳು ಆ ತಪ್ಪನ್ನು ಒಬ್ಬನೇ ಹೊತ್ತಿದ್ದ.

"ನೋಡೀನಿ," ಎಂದೆ.

ಅವರು ಬೈಯಲಿಲ್ಲ. "ಹಂಗಾರ ರೇವಣನ ಮುಂದ ಹೇಳ್ರಿ," ಎಂದರು. "ನಾ ಹೇಳಿದ್ರ, ಮುದುಕ ತಪ್ಪಸ್ಕೊಳ್ಳಾಕತ್ಯಾನ ಅಂತಾರ." ಮೆಟ್ಟಿಲು ಹತ್ತುವಾಗ ನಾನು ಕೈ ಕೊಡಲು ಹೋದೆ. ಸೊಸೆಯ ಹೆಗಲು ಹಿಡಿದು ಹತ್ತಿದರು.

ರೇವಣ ಆಗ ಮನೆಯ ಮುಂದಿನ ಕೋಣೆಯಲ್ಲಿ ಫ್ಯಾನು, ಮಿಕ್ಸರು ದುರಸ್ತಿ ಮಾಡುತ್ತ ಕೂರುತ್ತಿದ್ದ. ಊರುಗೋಲು ಗೋಡೆಗೆ ಒರಗಿತ್ತು. ನಾನು ಎಲ್ಲ ಹೇಳಿದೆ. ಕಲ್ಲಿನ ಗೆರೆ, ಟ್ರ್ಯಾಕ್ಟರು, ಬಿದಿರಿನ ಮಾತು, ಇಷ್ಟು ತಿಂಗಳು ಸುಮ್ಮನಿದ್ದದ್ದು. ಬಾಗಿಲಲ್ಲಿ ನಿಂತ ಅವನ ತಾಯಿ ಕೇಳಿಸಿಕೊಂಡು ಒಳಗೆ ಹೋದಳು. ರೇವಣ ಕೈಯಲ್ಲಿದ್ದ ಸ್ಕ್ರೂ ಒಂದನ್ನು ಪೂರ್ತಿ ತಿರುವಿ ಮುಗಿಸಿದ.

"ಇದನ್ನ ಆಸ್ಪತ್ರ್ಯಾಗೇ ಹೇಳಿದ್ರೂ ನನ್ನ ಕಾಲು ಬರ್ತಿದ್ದಿಲ್ಲ ಬಿಡ್ರಿ ಸರ," ಎಂದ. "ಆದ್ರ ನಮ್ಮವ್ವ ಆ ಮಾತು ಅಂತಿದ್ದಿಲ್ಲ."

ಹೋಗಲು ಏಳುವಾಗ ಅವನೇ ಕರೆದ.

"ಕಾಕಾಗ ಹೇಳ್ರಿ, ನಾಳಿ ಮುಂಜಾನೆ ನಮ್ಮ ಮನಿಗಿ ಚಹಾಕ್ಕ ಬಾ ಅಂತ. ಅವ್ವ ಕರದಾಳ ಅನ್ರಿ. ಮಹಾದೇವಿ ಅಕ್ಕನೂ ಬರ್ಲಿ. ನೀವು ಬ್ಯಾಡ್ರಿ."

ಆ ಸಂಜೆಯೇ ಕಾಕಾನ ಮನೆಗೆ ಹೋಗಿ ಹೇಳಿದೆ. ಅವರು ಎರಡು ಸಲ ಕೇಳಿದರು, ಅವ್ವನೇ ಕರೆದಳೇ ಎಂದು. ಹೌದು ಎಂದೆ. ಮಾತನ್ನು ಮಾತಿನ ಹಾಗೆಯೇ ಮುಟ್ಟಿಸಿದೆ, ಕೊನೆಯ ಎರಡು ಶಬ್ದ ಬಿಟ್ಟು.